ಢೋಲು ಮೊಳಗುವಾಗಲೂ ಕೆಂಚಿ ಊಟ ಮಾಡಿದಳು: ನನ್ನ ಅನುಭವ

2025ರ ಸೆಪ್ಟೆಂಬರ್ 6, ಅನಂತ ಚತುರ್ದಶಿಯ ರಾತ್ರಿ, ನಮ್ಮ ಗಲ್ಲಿಯ ಮಂಡಳಿಯ ಗಣಪತಿ ವಿಸರ್ಜನೆಗೆ ಹೊರಟು, ಸುಮಾರು ನಲವತ್ತು ಢೋಲುಗಳು ಕಟ್ಟಡದ ಕೆಳಗೇ ಮೊಳಗುತ್ತಿದ್ದಾಗ, ನಮ್ಮ ಮುಧೋಳ ನಾಯಿ ಕೆಂಚಿ ತಟ್ಟೆಯಲ್ಲಿದ್ದ ಅನ್ನ ಮತ್ತು ಕೋಳಿಯನ್ನು ಪೂರ್ತಿ ತಿಂದು, ನೀರು ಕುಡಿದು, ಕೂಲರಿನ ಮುಂದೆ ಚಾಪೆಯ ಮೇಲೆ ಮಲಗಿದಳು. ಮೂರು ವರ್ಷಗಳ ಹಿಂದೆ ಇಂಥದೇ ರಾತ್ರಿಯಲ್ಲಿ ಅವಳು ಬಚ್ಚಲುಮನೆಯ ಬಾಗಿಲನ್ನು ಕೆರೆದು ಸೀಳಿದ್ದಳು, ಎರಡು ಉಗುರುಗಳನ್ನು ಕಿತ್ತುಕೊಂಡಿದ್ದಳು, ಮರುದಿನ ಮಧ್ಯಾಹ್ನದವರೆಗೆ ಮೂತ್ರ ಮಾಡಲೂ ಎದ್ದಿರಲಿಲ್ಲ. ಢೋಲಿನ ಧ್ವನಿಮುದ್ರಣವನ್ನು ಸಣ್ಣ ಸದ್ದಿನಿಂದ ಏರಿಸುತ್ತ ಕೇಳಿಸಿದರೆ ಈ ಭಯ ಹೋಗುವುದಿಲ್ಲವೆಂದು ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಸರಿಯಾಗಿ ಮಾಡಿದರೆ ಹೋಗುತ್ತದೆ ಎಂಬುದನ್ನು ತೋರಿಸಲು ನನಗೆ ಸುಮಾರು ಹನ್ನೊಂದು ತಿಂಗಳು ಹಿಡಿದವು.

ಕೆಂಚಿಯನ್ನು ಮುಧೋಳ ತಾಲ್ಲೂಕಿನಿಂದ ಪುಣೆಯ ಎರಂಡವಣೆಗೆ ತಂದದ್ದು 2021ರ ಫೆಬ್ರವರಿಯಲ್ಲಿ, ಅವಳಿಗೆ ಆಗ ಎರಡು ತಿಂಗಳು. ಮರಿಯ ಕಿವಿ ಮತ್ತು ಮನಸ್ಸು ಲೋಕದ ಸದ್ದುಗಳನ್ನು ಸಹಜವೆಂದು ಒಪ್ಪಿಕೊಳ್ಳುವ ಕಾಲ ಮೂರನೆಯ ವಾರದಿಂದ ಹೆಚ್ಚೆಂದರೆ ಹದಿನಾಲ್ಕನೆಯ ವಾರದವರೆಗೆ ಮಾತ್ರ ಎಂಬುದು ನಾಯಿ ಸಾಕುವ ನಮಗೆಲ್ಲ ಗೊತ್ತಿದೆ. ಆ ವಾರಗಳು ಅವಳ ಪಾಲಿಗೆ ಕೊರೊನಾದ ಮೌನದಲ್ಲೇ ಕಳೆದುಹೋದವು. ಆ ವರ್ಷದ ಗಣೇಶೋತ್ಸವದಲ್ಲಿಯೂ ಮೆರವಣಿಗೆಗೆ ಅನುಮತಿ ಇರಲಿಲ್ಲ. 2022ರಲ್ಲಿ ನಿರ್ಬಂಧಗಳು ತೆರವಾಗಿ ಇಡೀ ಪುಣೆ ಎರಡು ವರ್ಷಗಳ ಉತ್ಸಾಹವನ್ನು ಒಮ್ಮೆಗೇ ಬೀದಿಗೆ ತಂದಾಗ, ಒಂದೂಮುಕ್ಕಾಲು ವರ್ಷದ ನಾಯಿ ಮೊದಲ ಬಾರಿ ಢೋಲನ್ನು ಕೇಳಿತು. ಮುಧೋಳ ತಳಿಯೇ ಸೂಕ್ಷ್ಮ ಸ್ವಭಾವದ್ದು; ಬಯಲಿನಲ್ಲಿ ಮೊಲದ ಬೆನ್ನುಹತ್ತುವ ಧೈರ್ಯ ಬೇರೆ, ನಾಲ್ಕು ಗೋಡೆಗಳೊಳಗೆ ನೆಲವೇ ನಡುಗಿದರೆ ತಡೆದುಕೊಳ್ಳುವ ಧೈರ್ಯ ಬೇರೆ.

ಮೊದಲ ಮೂರು ವರ್ಷ ನಾನು ಹಣ ಕಳೆದುಕೊಂಡ ಬಗೆಯನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ಹೆಚ್ಚಿನವರು ಇಲ್ಲಿಯೇ ಸೋತು ಕೈಬಿಡುತ್ತಾರೆ. ಬಾಗಿಲಿಗೆ 2,800 ರೂಪಾಯಿ, ಉಗುರಿನ ಚಿಕಿತ್ಸೆಗೆ ಒಂದೂವರೆ ಸಾವಿರ ಹೋಯಿತು. ಬಳಿಕ ಒಬ್ಬ ತರಬೇತುದಾರರಿಗೆ ಆರು ಪಾಠಗಳಿಗೆಂದು 9,000 ರೂಪಾಯಿ ಕೊಟ್ಟೆ. ಅವರು ಕತ್ತಿಗೆ ಬಿಗಿಯುವ ಸರಪಳಿ ಹಾಕಿ, ಭಯ ಹೋಗಬೇಕಾದರೆ ಸದ್ದಿನ ನಡುವೆಯೇ ನಿಲ್ಲಿಸಬೇಕು ಎಂದು ಅವಳನ್ನು ನೇರವಾಗಿ ಢೋಲಿನವರ ಬಳಿಗೆ ಎಳೆದೊಯ್ದರು. ಹತ್ತು ನಿಮಿಷದಲ್ಲಿ ಅವಳು ಕಲ್ಲಿನಂತೆ ನಿಂತುಬಿಟ್ಟಳು, ಅವರು ಅದನ್ನು ಶಾಂತಿ ಎಂದು ಕರೆದರು, ನಾನೂ ನಂಬಿದೆ. ಆ ವಾರದಿಂದ ಅವಳು ಲಿಫ್ಟಿನ ಸದ್ದಿಗೂ ಬೆಚ್ಚತೊಡಗಿದಳು. 2023ರಲ್ಲಿ ಮಂಪರಿನ ಮಾತ್ರೆಯನ್ನು, ಅಂದರೆ ಅಸೆಪ್ರೊಮಜಿನ್ ಅನ್ನು, ಪ್ರಯೋಗಿಸಿದೆವು. ಅದು ಕಾಲುಗಳನ್ನು ಕಟ್ಟಿಹಾಕುತ್ತದೆಯೇ ಹೊರತು ಭಯವನ್ನು ತೆಗೆಯುವುದಿಲ್ಲ, ಮೈಯಲ್ಲಿ ಕೊಬ್ಬಿಲ್ಲದ ಇಂಥ ಬೇಟೆತಳಿಗಳಲ್ಲಿ ಅದರ ಪ್ರಭಾವ ಹೆಚ್ಚು ಹೊತ್ತು ಉಳಿಯುತ್ತದೆ. ಆ ರಾತ್ರಿ ಅವಳು ಎದ್ದು ಓಡಲಾಗದೆ ಕಣ್ಣು ಅಗಲಿಸಿಕೊಂಡು ನಡುಗಿದ್ದನ್ನು ನೋಡಿದ ಮೇಲೆ ಅದನ್ನು ಮತ್ತೆ ಮನೆಗೆ ತರಲಿಲ್ಲ. ಶಾಂತಗೊಳಿಸುವ ಸಿರಪ್ಪುಗಳು, ಮೈಗೆ ಬಿಗಿಯಾಗಿ ಸುತ್ತುವ ಬಟ್ಟೆ, ಕಿವಿಗೆ ಹತ್ತಿ, ಎಲ್ಲ ಸೇರಿ ಮತ್ತೆರಡು ಸಾವಿರ.

2024ರಲ್ಲಿ ಊರಿಗೆ ಓಡಿಹೋಗುವುದೆಂದು ತೀರ್ಮಾನಿಸಿದ್ದೆವು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಪಥಕವೊಂದಕ್ಕೆ, ಅಂದರೆ ಢೋಲು ಬಾರಿಸುವ ತಂಡವೊಂದಕ್ಕೆ, ಮೂವತ್ತು ಜನರ ಮಿತಿ ಹಾಕಿದೆ, ಈ ಬಾರಿ ಸದ್ದು ಕಡಿಮೆ ಎಂದು ಕನ್ನಡ ಬಳಗದ ಗೆಳೆಯರೊಬ್ಬರು ತಡೆದರು. ಸೆಪ್ಟೆಂಬರ್ 12ರಂದು ಸುಪ್ರೀಂ ಕೋರ್ಟ್ ಆ ಮಿತಿಗೆ ತಡೆ ನೀಡಿತು, ನಾವು ಮರುದಿನವೇ ಬಾಡಿಗೆ ಕಾರಿನಲ್ಲಿ ಮುಧೋಳದ ದಾರಿ ಹಿಡಿದೆವು. ಹೋಗಿಬರುವ ಬಾಡಿಗೆ, ಚಾಲಕರ ಊಟ, ಕಾಯುವ ಶುಲ್ಕ ಸೇರಿ 16,000 ಆಯಿತು. ಆದರೆ ಪಥಕಗಳ ಸರಾವು, ಅಂದರೆ ಹಬ್ಬಕ್ಕೆ ಮುಂಚಿನ ಅಭ್ಯಾಸ, ಜುಲೈಯಿಂದಲೇ ಮುಠಾ ನದಿಪಾತ್ರದಲ್ಲಿ ಪ್ರತಿ ಸಂಜೆ ನಡೆಯುತ್ತದೆ. ಎರಡು ತಿಂಗಳು ಊರಿನಲ್ಲಿ ಇರಲು ಯಾರಿಗೆ ಸಾಧ್ಯ? ಹೊರಡುವಾಗ ಅಣ್ಣ, “ಅದು ಬ್ಯಾಟಿ ನಾಯಿ ತಮ್ಮಾ, ಫ್ಲ್ಯಾಟಿನ್ಯಾಗ ಇಟ್ಟು ಅದಕ್ಕೇನ್ ಕಲಸ್ತಿ? ಇಲ್ಲೇ ಬಿಟ್ಟ್ ಹೋಗು” ಎಂದ. ಕೆಂಚಿ ಆಗಲೇ ಕಾರಿನ ಹಿಂದಿನ ಸೀಟಿನಲ್ಲಿ ಕುಳಿತಿದ್ದಳು. ಬಿಟ್ಟು ಬರಲು ನನ್ನಿಂದಾಗಲಿಲ್ಲ.

ಅಕ್ಟೋಬರಿನಲ್ಲಿ ಕೆಲಸ ಆರಂಭಿಸಿದೆ. ಮುದ್ರಿಸಿದ ಢೋಲನ್ನು ಸಣ್ಣ ಸದ್ದಿನಿಂದ ಶುರುಮಾಡಿ, ಜೊತೆಗೆ ತಿಂಡಿ ಕೊಡುತ್ತ, ಏರಿಸುತ್ತ ಹೋಗುವ ವಿಧಾನ ಹೊಸದೇನೂ ಅಲ್ಲ. 2023ರ ಬೇಸಿಗೆಯಲ್ಲಿ ನಾನೇ ಅದನ್ನು ಮಾಡಿ ಸೋತಿದ್ದೆ. ಆಗ ಮೊಬೈಲಿನಲ್ಲಿ ಢೋಲಿನ ವಿಡಿಯೊ ಹಾಕಿದರೆ ಕೆಂಚಿ ಪೂರ್ಣ ಧ್ವನಿಗೂ ಕಿವಿ ಅಲುಗಿಸುತ್ತಿರಲಿಲ್ಲ, ಗೆದ್ದೆನೆಂದು ಭಾವಿಸಿದ್ದೆ, ಜುಲೈಯಲ್ಲಿ ಮೊದಲ ಢೋಲಿಗೇ ಅವಳು ಮಂಚದ ಕೆಳಗೆ ಹೋಗಿದ್ದಳು. ಊರಿನಿಂದ ಬಂದ ಮೇಲೆ ಒಂದು ಸಂಜೆ ಮ್ಹಾತ್ರೆ ಸೇತುವೆಯ ಬಳಿ ಅಂಗೈಯನ್ನು ಕಟ್ಟೆಯ ಕಲ್ಲಿನ ಮೇಲಿಟ್ಟು ನಿಂತಾಗ ಕಾರಣ ಹೊಳೆಯಿತು. ಆ ಕಡೆಯಿಂದ ಯಾವುದೋ ಭಾರಿ ಲಾರಿ ಹಾದುಹೋಯಿತು, ಸದ್ದು ಕಿವಿಗೆ ಬರುವ ಮೊದಲೇ ಕಲ್ಲು ಅಂಗೈಗೆ ಹೇಳಿತು. ಢೋಲಿನ ಭಯವೂ ಹೀಗೆ ನೆಲದಿಂದ ಪಾದಕ್ಕೆ ಏರುವಂಥದ್ದು. ಮೊಬೈಲಿನ ಪುಟ್ಟ ಸ್ಪೀಕರ್ ತಾಶಾದ, ಅಂದರೆ ಢೋಲಿನ ಜೊತೆ ಕಡ್ಡಿಗಳಿಂದ ಬಾರಿಸುವ ಪುಟ್ಟ ವಾದ್ಯದ, ಚಟಚಟವನ್ನು ಕೊಡಬಲ್ಲದು, ಢೋಲಿನ ಆಳವಾದ ಗುಡುಗನ್ನು ಕೊಡಲಾರದು. ನಾನು ಒಂದು ಬೇಸಿಗೆಯಿಡೀ ಅವಳಿಗೆ ಢೋಲಿಲ್ಲದ ಢೋಲನ್ನು ಕೇಳಿಸಿದ್ದೆ.

ಬುಧವಾರ ಪೇಠೆಯ ತಾಪಕೀರ್ ಗಲ್ಲಿಯಲ್ಲಿ ಬಳಸಿದ ವೂಫರ್ ಒಂದನ್ನು, ಅಂದರೆ ಆಳವಾದ ಸದ್ದನ್ನು ಕೊಡುವ ದೊಡ್ಡ ಸ್ಪೀಕರನ್ನು, 3,500 ರೂಪಾಯಿಗೆ ತಂದೆ. ಅದನ್ನು ಮೇಜಿನ ಮೇಲಿಡದೆ ನೇರವಾಗಿ ನೆಲದ ಮೇಲಿಟ್ಟೆ, ಕಂಪನವೇ ನಮಗೆ ಬೇಕಾದದ್ದು. ಕೆಳಮನೆಯ ಕಾಕಾ ಎರಡನೆಯ ದಿನವೇ ಮೇಲೆ ಬಂದರು. ಅವರನ್ನು ಕೂರಿಸಿ ಕೆಂಚಿಯ ಉಗುರುಗಳನ್ನು ತೋರಿಸಿದೆ. ಅವರು ಸಂಜೆ ತಿರುಗಾಡಲು ಹೋಗುವ ನಾಲ್ಕರಿಂದ ನಾಲ್ಕೂವರೆಯ ನಡುವೆ ಮಾತ್ರ ಹಾಕುವುದೆಂದು ಒಪ್ಪಂದವಾಯಿತು. ಧ್ವನಿಯನ್ನು ಮೊಬೈಲಿನ ಡೆಸಿಬೆಲ್ ಆ್ಯಪಿನಲ್ಲಿ ಅಳೆಯುತ್ತಿದ್ದೆ, ನಿಖರವಲ್ಲ, ಆದರೆ ನಿನ್ನೆಗೂ ಇಂದಿಗೂ ಹೋಲಿಸಲು ಸಾಕು. ನಲವತ್ತರ ಆಸುಪಾಸಿನಲ್ಲಿ ಆರಂಭಿಸಿ, ಐದಾರು ದಿನಗಳಿಗೊಮ್ಮೆ ಎರಡು ಮೂರರಷ್ಟು ಏರಿಸಿದೆ. ತುಟಿ ನೆಕ್ಕುವುದು, ಸುಮ್ಮನೆ ಆಕಳಿಸುವುದು, ಮುಂಗಾಲೊಂದನ್ನು ಎತ್ತಿ ನಿಲ್ಲುವುದು ಕಂಡರೆ ಅಂದಿಗೆ ಅಲ್ಲಿಗೇ ನಿಲ್ಲಿಸುತ್ತಿದ್ದೆ. ಕೊಟ್ಟ ತಿಂಡಿಯನ್ನು ತಿನ್ನದಿದ್ದರೆ ಮೂರು ದಿನಗಳ ಕಾಲ ಹಿಂದಿನ ಮಟ್ಟಕ್ಕೆ ಇಳಿಯುತ್ತಿದ್ದೆ.

ಮೊದಲ ಮೂರು ವಾರಗಳು ನನ್ನದೇ ತಪ್ಪಿನಿಂದ ವ್ಯರ್ಥವಾದವು. ಬೇಯಿಸಿದ ಕಲೇಜಿಯ (ಯಕೃತ್ತಿನ) ಡಬ್ಬಿಯನ್ನು ತೆರೆದು, ಒಂದು ತುಂಡು ಕೊಟ್ಟು, ಆಮೇಲೆ ಸದ್ದನ್ನು ಹಾಕುತ್ತಿದ್ದೆ. ಕೆಲವೇ ದಿನಗಳಲ್ಲಿ ಡಬ್ಬಿಯ ಮುಚ್ಚಳದ ಸದ್ದಿಗೇ ಅವಳು ಬಾಲ ಮುದುರಿಕೊಂಡು ಹೊರಹೋಗತೊಡಗಿದಳು. ಕಲೇಜಿಯೇ ಢೋಲಿನ ಮುನ್ಸೂಚನೆಯಾಗಿಬಿಟ್ಟಿತ್ತು. ಸದ್ದು ಮೊದಲು ಬರಬೇಕು, ಎರಡು ಸೆಕೆಂಡಿನ ನಂತರ ತಿಂಡಿ ಬರಬೇಕು, ಸದ್ದು ನಿಂತ ಕೂಡಲೇ ತಿಂಡಿಯೂ ನಿಲ್ಲಬೇಕು. ಈ ಕ್ರಮವನ್ನು ಪುಸ್ತಕದಲ್ಲಿ ಓದಿದ್ದರೂ ಕೈ ತಪ್ಪುತ್ತಲೇ ಇರುತ್ತದೆ. ಆದ್ದರಿಂದ ನನ್ನ ಪತ್ನಿ ವೂಫರಿನ ಬಳಿ, ನಾನು ಡಬ್ಬಿಯ ಬಳಿ ಎಂದು ಕೆಲಸವನ್ನು ಹಂಚಿಕೊಂಡೆವು. ಡಬ್ಬಿಯನ್ನು ಬದಲಿಸಿದೆವು, ಕೋಣೆಯನ್ನೂ ಬದಲಿಸಿದೆವು. ಆ ಹನ್ನೊಂದು ತಿಂಗಳು ಢೋಲಿನ ಹೊರತು ಬೇರೆ ಯಾವ ಹೊತ್ತಿನಲ್ಲಿಯೂ ಅವಳಿಗೆ ಕಲೇಜಿ ಸಿಗಲಿಲ್ಲ. ಮೊದಮೊದಲು ಹೆಚ್ಚು ಕೊಟ್ಟು ಭೇದಿಯಾಯಿತು, ಬಳಿಕ ಬಟಾಣಿಯಷ್ಟು ತುಂಡು ಮಾಡಿ ಅರ್ಧದಷ್ಟು ಎದೆಮಾಂಸವನ್ನು ಬೆರೆಸಿದೆ. ಕಲೇಜಿಯನ್ನು ಬೇಯಿಸುವಾಗ ನಾನು ಹಾಕುವ ಒಂದು ವಸ್ತುವಿದೆ, ಅದರ ವಾಸನೆಗೆ ಅವಳು ನಿದ್ದೆಯಿಂದ ಎದ್ದು ಬರುತ್ತಾಳೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಮನೆಗೆ ಬಂದವರಿಗೆ ತೋರಿಸುತ್ತೇನೆ.

ಜನವರಿಯ ಹೊತ್ತಿಗೆ ಅರುವತ್ತೈದು ಡೆಸಿಬೆಲ್‌ವರೆಗೆ ಬಂದಿದ್ದೆವು, ಆದರೆ ಒಂದು ವಿಚಿತ್ರ ಉಳಿದಿತ್ತು. ಧ್ವನಿಮುದ್ರಣದ ನಡುವಿನಿಂದ ಹಾಕಿದರೆ ಅವಳು ಆರಾಮವಾಗಿರುತ್ತಿದ್ದಳು, ಮೊದಲಿನಿಂದ ಹಾಕಿದರೆ ಹತ್ತು ಸೆಕೆಂಡಿನಲ್ಲೇ ಏದುಸಿರು ಬಿಡುತ್ತಿದ್ದಳು. ಪಥಕ ಆರಂಭಿಸುವಾಗ ಮೊದಲು ತಾಶಾ ಒಂದೇ ಸಿಡಿಯುತ್ತದೆ, ಅದರ ಹಿಂದೆಯೇ ಢೋಲುಗಳೆಲ್ಲ ಒಟ್ಟಿಗೆ ಬೀಳುತ್ತವೆ ಎಂಬುದನ್ನು ಅವಳು ನನಗಿಂತ ಚೆನ್ನಾಗಿ ಕಲಿತಿದ್ದಳು. ತಾಶಾವನ್ನು ಬೇರೆಯೇ ಪಾಠವಾಗಿಸಿ ಐದು ವಾರ ಕೊಟ್ಟೆ. ಮನುಷ್ಯನಿಗೆ ಇಪ್ಪತ್ತು ಸಾವಿರ ಹರ್ಟ್ಜ್‌ಗೆ ಮುಗಿಯುವ ಕೇಳ್ಮೆ ನಾಯಿಗೆ ನಲವತ್ತೈದು ಸಾವಿರದವರೆಗೆ ಸಾಗುತ್ತದೆ. ತಾಶಾದ ತೀಕ್ಷ್ಣತೆ ಅವಳಿಗೆ ಹೇಗೆ ಕೇಳುತ್ತಿತ್ತೋ ನಾವು ಊಹಿಸಲಾರೆವು. ತಾಶಾ ಮತ್ತು ಢೋಲಿನ ನಡುವೆ ಬಿಡುವನ್ನು ಎಷ್ಟು ಸೇರಿಸಿ ಹೇಗೆ ಕುಗ್ಗಿಸುತ್ತ ಬಂದೆ ಎಂಬುದು ನಾನು ಕಷ್ಟಪಟ್ಟು ಕಂಡುಕೊಂಡ ಲೆಕ್ಕ, ಅದೂ ಸದ್ಯಕ್ಕೆ ನನ್ನಲ್ಲೇ ಇರಲಿ.

ಮಾರ್ಚಿನಲ್ಲಿ ಎಲ್ಲವೂ ಹಿಂದಕ್ಕೆ ಜಾರಿತು. ಐವತ್ತಕ್ಕೇ ಅವಳು ಎದ್ದುಹೋಗುತ್ತಿದ್ದಳು. ನಾನು ವೂಫರನ್ನು ಮಾರಿಬಿಡುವ ಮನಸ್ಸು ಮಾಡಿದ್ದೆ. ಲಸಿಕೆಗೆಂದು ಹೋದಾಗ ಪಶುವೈದ್ಯರು ಅವಳ ನಡಿಗೆಯನ್ನು ನೋಡಿ, ಎಡ ಮುಂಗಾಲಿನ ಬೆರಳಿನ ಕೀಲನ್ನು ಒತ್ತಿದಾಗ ಕೆಂಚಿ ಕಾಲನ್ನು ಎಳೆದುಕೊಂಡಳು. ಓಡುವ ತಳಿಗಳಲ್ಲಿ ಬೆರಳಿನ ಪೆಟ್ಟು ಸಾಮಾನ್ಯ, ಅವಳು ಕುಂಟದ ಕಾರಣ ನಮಗೆ ತಿಳಿದಿರಲಿಲ್ಲ. ಸ್ನಾಯು ಮತ್ತು ಕೀಲುಗಳ ನೋವಿಗೂ ಸದ್ದಿನ ಭಯಕ್ಕೂ ಸಂಬಂಧವಿರುವುದನ್ನು ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದವರೂ ಸೇರಿದ್ದ ಸಂಶೋಧಕರ ತಂಡ 2018ರಲ್ಲಿ ಪ್ರಕಟಿಸಿತ್ತು. ಸದ್ದಿಗೆ ಬೆಚ್ಚಿದಾಗ ಮೈ ಬಿಗಿದು ನೋವು ಕೆರಳುತ್ತದೆ, ಆಗ ಆ ಸದ್ದೇ ನೋವಿನ ಹೆಸರಾಗುತ್ತದೆ ಎಂಬುದು ಅವರ ವಿವರಣೆ. ಎಕ್ಸ್‌ರೇ, ತಪಾಸಣೆ, ನಾಯಿಗೆಂದೇ ಇರುವ ನೋವಿನ ಔಷಧ ಸೇರಿ 2,200 ರೂಪಾಯಿ ಆಯಿತು. ಮೂರು ವಾರ ವೂಫರನ್ನು ಮುಟ್ಟಲಿಲ್ಲ. ಏಪ್ರಿಲ್‌ನಲ್ಲಿ ಮತ್ತೆ ಆರಂಭಿಸಿದಾಗ ಹತ್ತೇ ದಿನಗಳಲ್ಲಿ ಹಳೆಯ ಮಟ್ಟಕ್ಕೆ ಬಂದಳು. ಸದ್ದಿಗೆ ಹೆದರುವ ನಾಯಿಯನ್ನು ತಂದವರಿಗೆಲ್ಲ ನಾನೀಗ ಮೊದಲು ಹೇಳುವುದು ಕಾಲು, ಸೊಂಟ, ಹಲ್ಲುಗಳನ್ನು ತೋರಿಸಿಕೊಂಡು ಬನ್ನಿ ಎಂದು.

ನಡುನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ತಂಬೂರಿಯ ಶ್ರುತಿಯನ್ನು ಹಾಕಿಟ್ಟರೆ ಅವಳು ಮಲಗುತ್ತಿದ್ದಳು, ಆದರೆ ಢೋಲಿನ ಮುಂದೆ ಅದು ಏನನ್ನೂ ಮುಚ್ಚುವುದಿಲ್ಲ. ಟೇಬಲ್ ಫ್ಯಾನು ತಾಶಾದ ಅಂಚನ್ನು ಸ್ವಲ್ಪ ಮೊಂಡಾಗಿಸುತ್ತದೆ. ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿದ್ದು ಹಳೆಯ ಕೂಲರ್, ಅದರ ಭಾರವಾದ ಗುಂಯ್‌ಗುಡುವಿಕೆ ದೂರದ ಢೋಲನ್ನು ನುಂಗುತ್ತದೆ, ಜೊತೆಗೆ ಅದರ ಮುಂದೆ ದಪ್ಪ ಹತ್ತಿಯ ಹಾಸಿಗೆಯ ಮೇಲೆ ಚಾಪೆ ಹಾಕಿದರೆ ನೆಲದ ನಡುಕವೂ ತಗ್ಗುತ್ತದೆ. ಹೆದರಿದ ನಾಯಿಯನ್ನು ಮುದ್ದಿಸಿದರೆ ಭಯ ಬೆಳೆಯುತ್ತದೆ ಎಂಬ ಮಾತನ್ನು ನಂಬಿ ಮೂರು ವರ್ಷ ನಾನು ಅವಳನ್ನು ದೂರವಿಟ್ಟಿದ್ದೆ. ಅದು ಸುಳ್ಳು. ಭಯ ಒಂದು ಭಾವ, ಲಂಚ ಕೊಟ್ಟು ಬೆಳೆಸುವ ಚಾಳಿಯಲ್ಲ. ಆ ಮೂರು ವರ್ಷಗಳ ಬಗ್ಗೆ ನನಗೆ ಈಗಲೂ ಸಂಕಟವಿದೆ.

ಜುಲೈಯಲ್ಲಿ ನಿಜವಾದ ಸರಾವು ಶುರುವಾಯಿತು, ನಾವೂ ಹೊರಗಿನ ಪಾಠಕ್ಕೆ ಇಳಿದೆವು. ಮೊದಲ ದಿನ ನದಿಪಾತ್ರದಿಂದ ಸುಮಾರು ಒಂಬೈನೂರು ಮೀಟರ್ ದೂರದ ಒಂದು ಉದ್ಯಾನದ ಗೇಟಿನ ಬಳಿ ನಿಂತೆವು. ಗಾಳಿ ನದಿಯ ಕಡೆಯಿಂದ ಬೀಸುವ ಸಂಜೆ ಅದೇ ಜಾಗ ಇನ್ನೂರು ಮೀಟರ್ ಹತ್ತಿರವಾದಂತೆ ಕೇಳುತ್ತದೆ, ಆದ್ದರಿಂದ ಹೆಜ್ಜೆಯ ಲೆಕ್ಕಕ್ಕಿಂತ ಅವಳ ಕಿವಿಯನ್ನೇ ನಂಬಿದೆ. ಖಡಕವಾಸ್ಲಾ ಅಣೆಕಟ್ಟಿನಿಂದ ನೀರು ಬಿಟ್ಟು ನದಿಪಾತ್ರದ ರಸ್ತೆ ಮುಳುಗಿದ ದಿನಗಳಲ್ಲಿ ಸರಾವು ನಿಂತಾಗ ನಮಗೂ ವಿರಾಮ ಸಿಕ್ಕಿತು, ಆ ವಿರಾಮದ ನಂತರ ಅವಳು ಇನ್ನಷ್ಟು ನಿರಾಳವಾಗಿದ್ದಳು. ಆಗಸ್ಟ್ ಮೂರನೆಯ ವಾರದಲ್ಲಿ ನೂರೈವತ್ತು ಮೀಟರಿಗೆ ಬಂದೆವು. ಅದಕ್ಕಿಂತ ಹತ್ತಿರ ಒಯ್ಯಲಿಲ್ಲ, ಒಯ್ಯುವುದೂ ಇಲ್ಲ. ಆ ಸದ್ದು ಯಾವ ಕಿವಿಗೂ ಒಳ್ಳೆಯದಲ್ಲ. ಅಲ್ಲಿ ನಿಂತು ಅವಳು ಹುಲ್ಲು ಮೂಸಿ, ಮೂತ್ರ ಮಾಡಿ, ನನ್ನ ಕೈಯನ್ನು ನೋಡಿದಳು. ತೀವ್ರ ಭಯದಲ್ಲಿರುವ ನಾಯಿ ಸಾಮಾನ್ಯವಾಗಿ ಹೀಗೆ ನಿರಾಳವಾಗಿ ಮೂಸುವುದಿಲ್ಲ ಎಂಬುದು ತಿಳಿದವರಿಗೆ ಆ ಕ್ಷಣದ ಬೆಲೆ ಗೊತ್ತು.

ವಿಸರ್ಜನೆಯ ದಿನ ನಾನು ಪೂರ್ತಿ ಪಾಠದ ಮೇಲೆ ಭಾರ ಹಾಕಲಿಲ್ಲ. ವೈದ್ಯರು ತೂಕ ನೋಡಿ ಬರೆದುಕೊಟ್ಟ, ಆತಂಕ ತಗ್ಗಿಸುವ ಗಾಬಾಪೆಂಟಿನ್ ಅನ್ನು ಮೆರವಣಿಗೆಗೆ ಎರಡು ಗಂಟೆ ಮೊದಲು ಕೊಟ್ಟೆ, ಅದನ್ನು ಒಂದು ತಿಂಗಳ ಹಿಂದೆಯೇ ಶಾಂತವಾದ ದಿನದಲ್ಲಿ ಕೊಟ್ಟು ಪರೀಕ್ಷಿಸಿದ್ದೆವು. ಸಂಜೆ ಐದಕ್ಕೇ ಹೊರಗೆ ತಿರುಗಾಡಿಸಿ, ಕಿಟಕಿಗಳನ್ನು ಮುಚ್ಚಿ, ಕೂಲರನ್ನು ಹಾಕಿ, ಬಚ್ಚಲಿನ ಬಾಗಿಲನ್ನು ತೆರೆದಿಟ್ಟಿದ್ದೆ. ತಾಶಾ ಸಿಡಿದಾಗ ಕೆಂಚಿ ಒಮ್ಮೆ ತಲೆ ಎತ್ತಿ ನನ್ನ ಪತ್ನಿಯ ಕಡೆ ನೋಡಿದಳು. ಕೆಂಚಿಯ ಕಣ್ಣು ಡಬ್ಬಿಯನ್ನು ಹುಡುಕುತ್ತಿತ್ತು.

ಮೊದಲ ಮೂರು ವರ್ಷಗಳಲ್ಲಿ ವ್ಯರ್ಥವಾದದ್ದು ಮೂವತ್ತೊಂದು ಸಾವಿರದಷ್ಟು. ಈ ವಿಧಾನಕ್ಕೆ ವೂಫರ್, ವೈದ್ಯರು ಮತ್ತು ಹನ್ನೊಂದು ತಿಂಗಳ ಮಾಂಸ ಸೇರಿ ಹತ್ತು ಸಾವಿರ ಮುಟ್ಟಲಿಲ್ಲ. ಎರಂಡವಣೆಯಲ್ಲಿ ಇಷ್ಟು ದೀರ್ಘವಾಗಿ ಈ ಕೆಲಸ ಮಾಡಿದವರು ನನಗೆ ತಿಳಿದಂತೆ ಬೇರೆ ಯಾರೂ ಇಲ್ಲ. ನಮ್ಮ ಸೊಸೈಟಿಯ ಮೂರು ಮನೆಯವರು ಈಗ ನಾನು ಬಳಸಿದ ಢೋಲಿನ ಧ್ವನಿಮುದ್ರಣ ತಮಗೂ ಬೇಕೆಂದು ಕೇಳಿಕೊಂಡು ಬಂದಿದ್ದಾರೆ. ವಿಸರ್ಜನೆಯ ಮರುದಿನ ಬೆಳಿಗ್ಗೆ ಅಣ್ಣನಿಗೆ ಕೆಂಚಿ ಊಟ ಮಾಡುತ್ತಿರುವ ವಿಡಿಯೊ ಕಳಿಸಿದೆ, ಹಿನ್ನೆಲೆಯಲ್ಲಿ ಢೋಲು ಸ್ಪಷ್ಟವಾಗಿ ಕೇಳುತ್ತದೆ. ಅವನು ಎರಡು ಬಾರಿ ನೋಡಿ ಫೋನ್ ಮಾಡಿ, ತನ್ನ ಹೊಲದ ಮನೆಯ ನಾಯಿ ಗುಡುಗಿಗೆ ಹೆದರುತ್ತದೆ, ಆ ವೂಫರನ್ನು ದೀಪಾವಳಿಗೆ ಬರುವಾಗ ತೆಗೆದುಕೊಂಡು ಬಾ ಎಂದ.