ಹಳೆಯ ಕಟ್ಟಡದ ಬೆನ್ನಿಗೆ ನಿಲ್ಲುವ ಕೆಲಸ: ನನ್ನ ಅನುಭವ

ಐತಿಹಾಸಿಕ ಸ್ಥಳವೊಂದರ ಬೆಂಬಲ ಸಂಘದ ಆಡಳಿತ ಮಂಡಳಿಯಲ್ಲಿ ಕೆಲವು ವರ್ಷಗಳಿಂದ ಇದ್ದೇನೆ. ಸಂಬಳ ಇಲ್ಲ, ಭತ್ಯೆ ಇಲ್ಲ. ಹೊಸದಾಗಿ ಸೇರಬೇಕು ಅಂದುಕೊಂಡವರು ಸಾಮಾನ್ಯವಾಗಿ ಒಂದು ಮಾತು ಕೇಳುತ್ತಾರೆ: "ನನಗೆ ಇತಿಹಾಸ ಅಷ್ಟೊಂದು ಗೊತ್ತಿಲ್ಲ, ಪರವಾಗಿಲ್ವಾ?" ಖಂಡಿತ ಪರವಾಗಿಲ್ಲ. ಮಂಡಳಿಗೆ ಬೇಕಾಗಿರುವುದು ಲೆಕ್ಕ ಓದಬಲ್ಲವರು, ಬಾಯಿ ಬಿಟ್ಟು ದೇಣಿಗೆ ಕೇಳಬಲ್ಲವರು, ಸಭೆಗೆ ತಪ್ಪದೆ ಬರುವವರು. ಇತಿಹಾಸವನ್ನು ಅಲ್ಲಿದ್ದುಕೊಂಡೇ ಕಲಿಯಬಹುದು.

ಒಂದು ವಿಷಯ ಮಾತ್ರ ಸೇರುವ ಮುಂಚೆಯೇ ಮನಸ್ಸಿಗೆ ಬರಬೇಕು. ಆ ಸ್ಥಳ ನಮ್ಮದಲ್ಲ. ಅದಕ್ಕೆ ಬೇರೆ ಒಡೆಯರಿದ್ದಾರೆ. ದಿನನಿತ್ಯ ನೋಡಿಕೊಳ್ಳಲು ಸಿಬ್ಬಂದಿ ಇದ್ದಾರೆ, ದುರಸ್ತಿ ಹೇಗಿರಬೇಕು ಎಂದು ಹೇಳಲು ಸಂರಕ್ಷಣಾ ತಜ್ಞರಿದ್ದಾರೆ. ನಾವು ಹಣ ಕೂಡಿಸುತ್ತೇವೆ, ಕೈ ಜೋಡಿಸುತ್ತೇವೆ, ಸ್ಥಳದ ಪರವಾಗಿ ಮಾತಾಡುತ್ತೇವೆ. ಸಂಘವೇ ಒಡೆಯನಾಗಿರುವ ಕಡೆ ಕಥೆ ಬೇರೆ. ಅಮೆರಿಕದಲ್ಲಿ ಜಾರ್ಜ್ ವಾಷಿಂಗ್ಟನ್ ಅವರ ಮೌಂಟ್ ವರ್ನನ್ ಮನೆ ಹಾಳಾಗುತ್ತಿದ್ದಾಗ ಆನ್ ಪಮೇಲಾ ಕನಿಂಗ್‌ಹ್ಯಾಮ್ 1853ರಲ್ಲಿ ಹೆಂಗಸರನ್ನು ಸೇರಿಸಿ ಸಂಘ ಕಟ್ಟಲು ಹೊರಟರು. 1858ರಲ್ಲಿ ಮನೆಯನ್ನೂ ಸುತ್ತಲಿನ 200 ಎಕರೆಯನ್ನೂ 2 ಲಕ್ಷ ಡಾಲರಿಗೆ ಕೊಳ್ಳುವ ಕರಾರಾಯಿತು. ಇವತ್ತಿಗೂ ಆ ಸಂಘವೇ ಅದರ ಒಡೆಯ. ಅಲ್ಲಿ ಮಂಡಳಿಯ ಮಾತೇ ಕೊನೆ. ನಮ್ಮಂಥ ಬೆಂಬಲ ಸಂಘದಲ್ಲಿ ಹಾಗಲ್ಲ. ಈ ಗೆರೆ ಗೊತ್ತಿಲ್ಲದೆ ಬಂದವರು ಬೇಗ ಬೇಸರಪಟ್ಟು ಹೋಗುತ್ತಾರೆ.

ಹಾಗಾಗಿ ಒಪ್ಪಿಕೊಳ್ಳುವ ಮುಂಚೆ ನಾನು ಮೂರು ಕಾಗದ ಕೇಳಿ ಪಡೆದು ಓದಿದೆ: ಸಂಘದ ಬೈಲಾ, ಹಿಂದಿನ ವರ್ಷಗಳ ಲೆಕ್ಕಪತ್ರ, ಸ್ಥಳದ ಆಡಳಿತದ ಜೊತೆಗಿನ ಒಪ್ಪಂದ. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಸಂಘ ಕೂಡಿಸಿದ ಹಣ ಯಾವುದಕ್ಕೆ ಖರ್ಚಾಗಬೇಕು ಅಂತ ಯಾರು ತೀರ್ಮಾನಿಸುತ್ತಾರೆ? ಆ ಹಣದಲ್ಲಿ ಕೊಂಡ ವಸ್ತು ಯಾರದ್ದು? ಸ್ಥಳದ ಹೆಸರು, ಚಿತ್ರ ಬಳಸಲು ಯಾರ ಒಪ್ಪಿಗೆ ಬೇಕು? ಸ್ವಯಂಸೇವಕರು ಏಣಿಯಿಂದ ಬಿದ್ದರೆ ವಿಮೆ ಯಾರದ್ದು? ಎಲ್ಲವೂ ಬರಹದಲ್ಲಿರಬೇಕು. ಇವತ್ತಿನ ಅಧಿಕಾರಿಗೂ ನಮ್ಮ ಅಧ್ಯಕ್ಷರಿಗೂ ಒಳ್ಳೆಯ ಸ್ನೇಹ ಇರಬಹುದು. ಆದರೆ ಇಬ್ಬರೂ ಒಂದು ದಿನ ಬದಲಾಗುತ್ತಾರೆ ಅಲ್ವಾ? ಆಗ ಉಳಿಯುವುದು ಕಾಗದ ಮಾತ್ರ.

ಇನ್ನು ಹಣದ ವಿಷಯ. ನನ್ನ ಸಮಯ ಜಾಸ್ತಿ ಹೋಗಿದ್ದು ಇದರಲ್ಲೇ.

ಒಮ್ಮೆ ದೊಡ್ಡ ಮನಸ್ಸಿನ ದಾನಿಯೊಬ್ಬರು ಬಂದರು. "ಈ ಗೋಡೆ ಪೂರ್ತಿ ನಾನು ಮಾಡಿಸಿಕೊಡ್ತೀನಿ, ಸಿಮೆಂಟ್ ಹಾಕಿಸಿ ಗಟ್ಟಿ ಮಾಡಿಬಿಡೋಣ" ಎಂದರು. ಪ್ರೀತಿಯಿಂದಲೇ ಹೇಳಿದ ಮಾತು. ಸಂರಕ್ಷಣಾ ತಜ್ಞರ ಜೊತೆ ಅವರನ್ನು ಕಟ್ಟಡದ ಹಿಂಭಾಗಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಹಿಂದೆ ಯಾವಾಗಲೋ ಕಲ್ಲಿನ ಸಂದುಗಳಿಗೆ ಸಿಮೆಂಟ್ ತುಂಬಿದ್ದಾರೆ. ಸಿಮೆಂಟ್ ಗೆರೆಗಳು ಒಂದಿಷ್ಟೂ ಸವೆಯದೆ ಎದ್ದು ನಿಂತಿವೆ. ನಡುವಿನ ಕಲ್ಲುಗಳು ಮಾತ್ರ ಒಳಕ್ಕೆ ಕುಳಿ ಬಿದ್ದಿವೆ. ಬುಡದಲ್ಲಿ ಮರಳಿನಂಥ ಪುಡಿ ಉದುರಿದೆ, ಕಲ್ಲಿನ ಮೈಮೇಲೆ ಬಿಳಿ ಉಪ್ಪು. ತಜ್ಞರು ಬಿಡಿಸಿ ಹೇಳಿದರು: ಸುಣ್ಣದ ಗಾರೆ ಕಲ್ಲಿಗಿಂತ ಮೆತ್ತಗಿರುತ್ತದೆ, ಗೋಡೆಯೊಳಗಿನ ತೇವ ಅದರ ಮೂಲಕ ಆವಿಯಾಗಿ ಹೋಗುತ್ತದೆ. ಸವೆದರೂ ಗಾರೆಯೇ ಸವೆಯುತ್ತದೆ, ಅದನ್ನು ಮತ್ತೆ ತುಂಬಬಹುದು. ಸಿಮೆಂಟ್ ಆ ದಾರಿ ಮುಚ್ಚುತ್ತದೆ. ತೇವ ಕಲ್ಲಿನ ಮೂಲಕವೇ ಹೊರಬರಬೇಕಾಗುತ್ತದೆ. ನೀರು ಆರಿದಾಗ ಅದರಲ್ಲಿದ್ದ ಉಪ್ಪು ಕಲ್ಲಿನೊಳಗೆ ಹರಳುಗಟ್ಟಿ, ಮೇಲ್ಪದರವನ್ನು ಒಡೆದು ಹಾಕುತ್ತದೆ. ದಾನಿ ಬಗ್ಗಿ ಆ ಪುಡಿಯನ್ನು ಬೆರಳಲ್ಲಿ ಉಜ್ಜಿ ನೋಡಿದರು. ಮುಂದೆ ವಾದವೇ ಬೇಕಾಗಲಿಲ್ಲ. ಅದೇ ಹಣವನ್ನು ಸುಣ್ಣದ ಗಾರೆ ಕೆಲಸಕ್ಕೆ ಕೊಟ್ಟರು. ಕೆಲಸ ನಿಧಾನ, ನೋಡಲೂ ಸಾದಾ. ಆದರೂ ಅದೇ ಸರಿಯಾದ ಕೆಲಸ.

ಬೇಡ ಎನ್ನುವುದೂ ಮಂಡಳಿಯ ಕೆಲಸವೇ ಎಂದು ನಾನು ಬಲವಾಗಿ ನಂಬುತ್ತೇನೆ. ಸ್ಥಳಕ್ಕೆ ಹೊಂದದ ದೇಣಿಗೆಯನ್ನು ಗೌರವದಿಂದಲೇ ನಿಲ್ಲಿಸಬೇಕು, ಆಗುವುದಾದರೆ ಬೇರೆ ಕಡೆ ತಿರುಗಿಸಬೇಕು.

ಹಣ ಹುಟ್ಟುವುದು ಕಷ್ಟವಾಗುವುದು ದೊಡ್ಡ ಕೆಲಸಗಳಿಗಲ್ಲ, ಚಿಕ್ಕ ಕೆಲಸಗಳಿಗೆ. ಹೊಸ ದೀಪಾಲಂಕಾರಕ್ಕೆ, ಹೆಸರು ಕೆತ್ತಿಸಬಹುದಾದ ಫಲಕಕ್ಕೆ ಜನ ಮುಂದೆ ಬರುತ್ತಾರೆ. ಮಳೆನೀರಿನ ಕೊಳವೆ ಚೊಕ್ಕ ಮಾಡಲು ಯಾರೂ ಬರುವುದಿಲ್ಲ. ಆದರೆ ಹಳೆಯ ಕಟ್ಟಡಗಳನ್ನು ಸದ್ದಿಲ್ಲದೆ ಕೊಲ್ಲುವುದು ಕಟ್ಟಿಕೊಂಡ ಕೊಳವೆಗಳೇ. ನೀರು ಗೋಡೆಯೊಳಗೆ ಇಳಿಯುತ್ತದೆ, ಸಂದಿನಲ್ಲಿ ಗಿಡ ಹುಟ್ಟುತ್ತದೆ, ಬೇರು ಕಲ್ಲನ್ನು ಸರಿಸುತ್ತದೆ. ಆಮೇಲೆ ಆ ಗಿಡವನ್ನು ಸುಮ್ಮನೆ ಎಳೆದು ಕೀಳುವ ಹಾಗೂ ಇಲ್ಲ, ಬೇರಿನ ಜೊತೆ ಗೋಡೆಯೂ ಬಂದುಬಿಡಬಹುದು. ಸ್ಮಾರಕಗಳನ್ನು ಕಾಪಾಡುವ ಬಗೆಗಿನ ಅಂತರರಾಷ್ಟ್ರೀಯ ದಾಖಲೆಯಾದ 1964ರ ವೆನಿಸ್ ಸನ್ನದು ಸಂರಕ್ಷಣೆಯ ಬಗ್ಗೆ ಮೊದಲು ಹೇಳುವುದೇ ನಿರಂತರ ನಿರ್ವಹಣೆ ಬೇಕೆಂದು. ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್ ಮತ್ತು ಗೆಳೆಯರು 1877ರಲ್ಲಿ ಇಂಗ್ಲೆಂಡಿನಲ್ಲಿ ಹಳೆಯ ಕಟ್ಟಡಗಳ ರಕ್ಷಣೆಗೆ ಸಂಘ ಕಟ್ಟಿದಾಗಲೂ ಇದನ್ನೇ ಕೇಳಿದ್ದರು: ದಿನದಿನದ ಕಾಳಜಿ, ಸೋರುವ ಸೂರಿನ ದುರಸ್ತಿ.

ಹಾಗಾದರೆ ಕೊಳವೆಗೆ ಹಣ ಹೇಗೆ ಕೇಳುವುದು? ನಾನು ಫೋಟೋಗಳ ದಾರಿ ಹಿಡಿದೆ. ಕಟ್ಟಡದ ನಕ್ಷೆಯಲ್ಲಿ ಕೆಲವು ಜಾಗ ಗುರುತು ಮಾಡಿಕೊಂಡೆ. ಪ್ರತಿ ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಅದೇ ಜಾಗದಲ್ಲಿ ನಿಂತು, ಅದೇ ಕೋನದಲ್ಲಿ, ಪಕ್ಕದಲ್ಲಿ ಒಂದು ಅಳತೆಪಟ್ಟಿ ಹಿಡಿಸಿ ಫೋಟೋ ತೆಗೆಯುತ್ತೇನೆ. ತೇವದ ಕಲೆ ಎಷ್ಟು ಮೇಲೆ ಹತ್ತಿದೆ ಎಂಬುದು ಎರಡು ಚಿತ್ರ ಪಕ್ಕಪಕ್ಕ ಇಟ್ಟರೆ ಯಾರಿಗಾದರೂ ಕಾಣುತ್ತದೆ. ಭಾಷಣ ಮಾಡುವ ಬದಲು ಅವೆರಡನ್ನು ತೋರಿಸಿ "ಇದು ನಿಲ್ಲಬೇಕು, ವರ್ಷಕ್ಕೆ ಇಷ್ಟು ಬೇಕು" ಎನ್ನುತ್ತೇನೆ. ಹೀಗೆ ಕೇಳಿದಾಗ ಒಂದೇ ಸಲ ದೊಡ್ಡ ಮೊತ್ತ ಕೊಡುವವರಿಗಿಂತ ವರ್ಷವರ್ಷವೂ ಸ್ವಲ್ಪಸ್ವಲ್ಪ ಕೊಡುವವರು ಸಿಗುತ್ತಾರೆ. ಅವರೇ ಸಂಘದ ನಿಜವಾದ ಬಲ. ಆ ಫೋಟೋಗಳು ತಜ್ಞರಿಗೂ ಉಪಯೋಗಕ್ಕೆ ಬರುತ್ತಿವೆ.

ದೇಣಿಗೆಗಳಲ್ಲಿ ಎರಡು ಬಗೆ. ಇಂಥದ್ದಕ್ಕೇ ಬಳಸಿ ಎಂದು ಕೊಟ್ಟದ್ದು ಒಂದು, ಸಂಘಕ್ಕೆ ಬೇಕಾದ್ದಕ್ಕೆ ಬಳಸಿ ಎಂದು ಕೊಟ್ಟದ್ದು ಇನ್ನೊಂದು. ಎರಡನ್ನೂ ಲೆಕ್ಕದಲ್ಲಿ ಬೇರೆಬೇರೆ ತೋರಿಸಬೇಕು. ಕಿಟಕಿಗೆಂದು ಬಂದ ಹಣವನ್ನು "ಆಮೇಲೆ ಹಾಕಿದರಾಯ್ತು" ಎಂದು ವಿದ್ಯುತ್ ಬಿಲ್ಲಿಗೆ ಬಳಸುವ ಹಾಗಿಲ್ಲ. ನಮ್ಮ ಖಜಾಂಚಿ ಪ್ರತಿ ಸಭೆಯಲ್ಲೂ ಒಂದು ಹಾಳೆಯ ಲೆಕ್ಕ ಇಡುತ್ತಾರೆ. ಬ್ಯಾಂಕಿನಲ್ಲಿ ಎಷ್ಟಿದೆ, ಅದರಲ್ಲಿ ಎಷ್ಟನ್ನು ಮುಟ್ಟುವಂತಿಲ್ಲ, ಎಷ್ಟು ಕೈಯಲ್ಲಿದೆ. ಅರ್ಥವಾಗದಿದ್ದರೆ ಅಲ್ಲೇ ಕೇಳಬೇಕು. ಮಂಡಳಿಯಲ್ಲಿ ಕೂತ ಮೇಲೆ ಲೆಕ್ಕಕ್ಕೆ ಎಲ್ಲರೂ ಹೊಣೆ, ಖಜಾಂಚಿ ಒಬ್ಬರೇ ಅಲ್ಲ. ಸದಸ್ಯರಿಗೋ ಅವರ ನೆಂಟರಿಗೋ ಸಂಬಂಧಪಟ್ಟ ಕೆಲಸದ ಮಾತು ಬಂದರೆ ಅವರು ಅದನ್ನು ಮೊದಲೇ ಹೇಳಿ ಎದ್ದು ಹೊರಗೆ ಹೋಗುತ್ತಾರೆ. ಅದು ನಡಾವಳಿಯಲ್ಲಿ ದಾಖಲಾಗುತ್ತದೆ.

ಸಭೆ ಹೇಗೆ ನಡೆಸಬೇಕು ಅಂತ ಜಾಸ್ತಿ ಹೇಳುವುದಿಲ್ಲ. ಕಾರ್ಯಸೂಚಿ ಮುಂಚೆಯೇ ಕೈಸೇರಲಿ, ಠರಾವಿನ ಪಕ್ಕದಲ್ಲಿ ಮಾಡುವವರ ಹೆಸರು ಮತ್ತು ದಿನಾಂಕ ಇರಲಿ, ಸಾಕು.

ಈಗ ನನ್ನ ಗಮನ ಇರುವುದು ಮುಂದಿನವರ ಮೇಲೆ. ಸದಸ್ಯತ್ವದ ಅವಧಿಗೆ ಮಿತಿ ಇರಬೇಕು ಎಂದು ಮಂಡಳಿಯಲ್ಲಿ ಪಟ್ಟು ಹಿಡಿದವರಲ್ಲಿ ನಾನೂ ಒಬ್ಬ. ಹಾಗಂತ ಹಳಬರು ಎದ್ದು ಹೋದರೆ ಸಾಲದು. ಯಾವ ದಾನಿಗೆ ಏನು ಮಾತು ಕೊಟ್ಟಿದ್ದೇವೆ, ಯಾವ ಮೂಲೆ ಸೋರುತ್ತದೆ, ಗಾರೆ ಕೆಲಸ ಬಲ್ಲ ಮೇಸ್ತ್ರಿಗಳು ಎಲ್ಲಿ ಸಿಗುತ್ತಾರೆ, ಇದೆಲ್ಲ ತಲೆಯಲ್ಲಿರುವುದು ಬಿಟ್ಟು ಕಡತಕ್ಕೆ ಬರಬೇಕು. ಫೋಟೋ ತೆಗೆಯುವ ಕೆಲಸವನ್ನು ಹೊಸದಾಗಿ ಬಂದ ಇಬ್ಬರಿಗೆ ಕಲಿಸುತ್ತಿದ್ದೇನೆ. ಈ ಮಳೆಗಾಲದ ಮುಂಚಿನ ಸುತ್ತು ಅವರೇ ಮಾಡುತ್ತಾರೆ, ನಾನು ಅಳತೆಪಟ್ಟಿ ಹಿಡಿದುಕೊಳ್ಳುತ್ತೇನೆ.