ಕಾಡಿನ ಗೌರಿಹೂ ಕಂಡರೆ ದಾಖಲಿಸುವ ಬಗೆ

ಪಶ್ಚಿಮಘಟ್ಟದಲ್ಲಿ ಗೌರಿಹೂವಿನ ಕುಲದ, ಅಂದರೆ ಇಂಪೇಷನ್ಸ್ ಕುಲದ ಗಿಡ ಕಂಡರೆ ಹೆಚ್ಚಿನವರು ಹೂವಿನ ಮುಂಭಾಗದ ಒಂದು ಫೋಟೋ ತೆಗೆದು ಮುಂದೆ ಹೋಗುತ್ತಾರೆ. ಅದರಿಂದ ಕುಲ ಗೊತ್ತಾದೀತು, ಪ್ರಭೇದ ಗೊತ್ತಾಗುವುದು ಕಷ್ಟ. ಗುರುತಿನ ಮುಖ್ಯ ಲಕ್ಷಣಗಳು ಹೂವಿನ ಬೆನ್ನಿಗಿರುತ್ತವೆ.

ಹುಡುಕಲು ಜುಲೈಯಿಂದ ಅಕ್ಟೋಬರ್ ಒಳ್ಳೆಯ ಕಾಲ. ನೀರು ಜಿನುಗುವ ಬಂಡೆ, ರಸ್ತೆ ಬದಿಯ ದರೆ, ತೊರೆಯ ಅಂಚು, ಶೋಲಾ ಕಾಡಿನ ಮಗ್ಗುಲು ನೋಡಿ. ಕಾಂಡವೇ ಇಲ್ಲದೆ ಬಂಡೆಗೆ ಅಂಟಿಕೊಂಡು ಬೆಳೆಯುವ ಜಾತಿಗಳೂ ಇವೆ, ಕಾಲಿಡುವ ಮುನ್ನ ಕೆಳಗೆ ನೋಡಿ. ತೋಟ, ರೆಸಾರ್ಟ್‌ಗಳ ಹತ್ತಿರ ಚಪ್ಪಟೆ ಹೂವಿನದು ಕಂಡರೆ ಮೊದಲು ಅನುಮಾನಿಸಿ: ಪೂರ್ವ ಆಫ್ರಿಕಾದಿಂದ ಬಂದ ಇಂಪೇಷನ್ಸ್ ವಾಲೆರಿಯಾನ ಅಂಥ ಕಡೆ ತಾನಾಗಿ ಹಬ್ಬಿಕೊಳ್ಳುತ್ತದೆ.

ಫೋಟೋಗಳು ಹೀಗಿರಲಿ: ಸುತ್ತಲಿನ ಜಾಗದೊಂದಿಗೆ ಇಡೀ ಗಿಡ, ಎಲೆಯ ಎರಡೂ ಬದಿ, ಎಲೆ ಕಾಂಡಕ್ಕೆ ಸೇರುವಲ್ಲಿ, ಹೂವಿನ ಮುಂಭಾಗ, ಪಕ್ಕ, ಹಿಂಭಾಗ. ಪಕ್ಕದ ನೋಟ ತಪ್ಪಿದರೆ ಉಳಿದವು ಇದ್ದೂ ಉಪಯೋಗವಿಲ್ಲ. ಫೋನು ಹೂ ಬಿಟ್ಟು ಹಿಂದಿನ ಹುಲ್ಲಿಗೆ ಫೋಕಸ್ ಮಾಡುವುದು ನಿತ್ಯದ ತಲೆನೋವು. ಹಿಂದೆ ಅಂಗೈಯೋ ಕಪ್ಪು ಬಟ್ಟೆಯೋ ಹಿಡಿಯಿರಿ. ಗುಲಾಬಿ ಬಣ್ಣ ಬೆಳಕಿಗೆ ಬಿಳಚಿಕೊಳ್ಳುತ್ತದೆ, ಬ್ರೈಟ್‌ನೆಸ್ ಸ್ವಲ್ಪ ಇಳಿಸಿ, ಕೊಡೆಯ ನೆರಳಲ್ಲಿ ತೆಗೆಯಿರಿ.

ಹೂವಿನ ಹಿಂದೆ ಬಾಲದಂತೆ ಇಳಿದಿರುವ ಮಕರಂದದ ಕೊಳವೆಯನ್ನು ಅಳೆಯಲೇಬೇಕು. ಅದು ಬಾಗಿದ್ದರೆ ಸ್ಕೇಲ್ ಮೋಸ ಮಾಡುತ್ತದೆ. ಬಾಗಿನುದ್ದಕ್ಕೂ ದಾರವಿಟ್ಟು, ಆ ದಾರವನ್ನು ಸ್ಕೇಲಿಗೆ ಹಿಡಿಯಿರಿ. ಒಂದೇ ಹೂ ಸಾಲದು, ನಾಲ್ಕೈದು ಅಳೆದು ಕನಿಷ್ಠ, ಗರಿಷ್ಠ ಎರಡನ್ನೂ ಬರೆಯಿರಿ. ಪಕ್ಕದ ಪುಟ್ಟ ಪುಷ್ಪಪತ್ರಗಳು (ದಳಗಳ ಹೊರಗಿನ ಎಸಳುಗಳು) ಎರಡೋ ನಾಲ್ಕೋ, ರೋಮವಿದೆಯೋ ಇಲ್ಲವೋ ಎಂಬುದನ್ನು ಹತ್ತು ಪಟ್ಟು ಹಿಗ್ಗಿಸುವ ಮಸೂರದಲ್ಲಿ ನೋಡಿ.

ಗಿಡ ಕೀಳಬೇಡಿ. ಸಂರಕ್ಷಿತ ಕಾಡಿನಲ್ಲಿ ಒಂದು ಹೂ ಕೊಯ್ಯಲೂ ಅರಣ್ಯ ಇಲಾಖೆಯ ಅನುಮತಿ ಬೇಕು. ಅನುಮತಿಯಿದ್ದು, ಗಿಡಗಳು ಧಾರಾಳವಾಗಿದ್ದರೆ ಮಾತ್ರ ಒಂದು ಹೂ ಬಿಡಿಸಿ, ಭಾಗಗಳನ್ನು ಒದ್ದೆ ಕಾರ್ಡಿನ ಮೇಲೆ ಹರಡಿ, ಸ್ಕೇಲ್ ಸಮೇತ ಫೋಟೋ ತೆಗೆಯಿರಿ. ಈ ಕುಲದ ದಳಗಳು ತೀರಾ ತೆಳು. ಹಾಗೇ ಒತ್ತಿ ಒಣಗಿಸಿದರೆ ಅಂಟಿಕೊಂಡು ಆಕಾರವೇ ಸಿಗದು. ಇನ್ನೊಂದು ಹೂವನ್ನು ಶೇಕಡ 70ರ ಆಲ್ಕೋಹಾಲಿನಲ್ಲಿ ಇಡಿ; ಬಣ್ಣ ಹೋಗುತ್ತದೆ, ಹಾಗಾಗಿ ಅದನ್ನು ಅಲ್ಲೇ ಬರೆದಿಟ್ಟುಕೊಳ್ಳಿ.

ಟಿಪ್ಪಣಿಯಲ್ಲಿ ದಿನಾಂಕ, ಎತ್ತರ, ನೆಲದ ಬಗೆ, ನೆರಳು, ಗಿಡಗಳ ಅಂದಾಜು ಸಂಖ್ಯೆ ಇರಲಿ. ಅಕ್ಷಾಂಶ, ರೇಖಾಂಶಗಳನ್ನು ದಶಮಾಂಶದ ನಾಲ್ಕು ಸ್ಥಾನಗಳವರೆಗೆ ಬರೆದರೆ ಸುಮಾರು 11 ಮೀಟರ್ ನಿಖರತೆ. ದಟ್ಟ ಕಾಡಿನೊಳಗೆ ಜಿಪಿಎಸ್ ಅದಕ್ಕಿಂತ ಹೆಚ್ಚು ತಪ್ಪಬಹುದು, ಎಷ್ಟು ಮೀಟರ್ ತಪ್ಪಬಹುದೆಂದು ಪರದೆಯಲ್ಲಿ ತೋರಿಸುವ ಅಂತರವನ್ನೂ ಬರೆಯಿರಿ.

ಈ ನಿಖರ ಜಾಗ ಮಾತ್ರ ಸಾರ್ವಜನಿಕವಾಗಿ ಹೋಗಬಾರದು. ಗಿಡ, ಪ್ರಾಣಿಗಳ ಫೋಟೋ ದಾಖಲಿಸುವ ಐನ್ಯಾಚುರಲಿಸ್ಟ್ ಆ್ಯಪ್‌ನಲ್ಲಿ ಸ್ಥಳ ಮರೆಮಾಚುವ ಆಯ್ಕೆಯಿದೆ, ಅದನ್ನೇ ಬಳಸಿ. ವಾಟ್ಸಾಪ್‌ನಲ್ಲಿ ಫೋಟೋವನ್ನು ಡಾಕ್ಯುಮೆಂಟ್ ಆಗಿ ಕಳಿಸಿದರೆ ಒಳಗಿನ ಜಿಪಿಎಸ್ ಮಾಹಿತಿಯೂ ಜೊತೆಗೆ ಹೋಗುತ್ತದೆ. ಹಿನ್ನೆಲೆಯಲ್ಲಿ ಗುಡಿ, ಮೈಲಿಗಲ್ಲು ಕಂಡರೂ ಸಾಕು, ಮುಂದಿನ ಭಾನುವಾರ ಅಲ್ಲಿ ಹೂ ನೋಡುವವರ ಜಾತ್ರೆ. ಆ್ಯಪ್ ಸೂಚಿಸುವ ಹೆಸರನ್ನು ಕುಲದವರೆಗೆ ಒಪ್ಪಿ. ಪ್ರಭೇದವನ್ನು ತಿಳಿದವರು ನೋಡಿ ಹೇಳಲಿ.

ಕೆಲವು ವಾರ ಬಿಟ್ಟು ಕಾಯಿ ನೋಡಲು ಮತ್ತೆ ಹೋಗಿ. ಕಾಯಿ ನುಣುಪೋ ರೋಮವುಳ್ಳದ್ದೋ ಎಂಬುದೂ ಗುರುತಿಗೆ ಬೇಕು. ಬಲಿತದ್ದು ಮುಟ್ಟಿದರೆ ಸಿಡಿದು ಬೀಜ ಚೆಲ್ಲುತ್ತದೆ, ಆದ್ದರಿಂದ ಫೋಟೋ ಮೊದಲು, ಕೈ ಆಮೇಲೆ.