ಲುಸರ್ನ್ ಸರೋವರವನ್ನು ನಾವು ಹಡಗಿನಲ್ಲೇ ಸುತ್ತಿದೆವು

ಮುಂಬೈಯಿಂದ ಸ್ವಿಟ್ಜರ್‌ಲೆಂಡಿಗೆ ಹೋಗುವ ಗ್ರೂಪ್ ಟೂರ್‌ಗಳಲ್ಲಿ ಲುಸರ್ನ್‌ಗೆ ಸಿಗುವುದು ಹೆಚ್ಚೆಂದರೆ ಒಂದು ಮಧ್ಯಾಹ್ನ. ಮರದ ಸೇತುವೆ, ಬಂಡೆಯಲ್ಲಿ ಕೆತ್ತಿದ ಸಿಂಹ, ಒಂದಿಷ್ಟು ಫೋಟೊ, ಮತ್ತೆ ಬಸ್ಸು. ನಮ್ಮ ಡೊಂಬಿವಲಿಯ ಬಿಲ್ಡಿಂಗ್‌ನಲ್ಲೇ ಹಾಗೆ ಹೋಗಿ ಬಂದವರಿದ್ದಾರೆ. ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವಾಗ ನಾನು ಒಂದು ವಿಷಯ ಮೊದಲೇ ಗಟ್ಟಿ ಮಾಡಿಕೊಂಡೆ. ದಿನಕ್ಕೊಂದು ಊರು ಬೇಡ. ಲುಸರ್ನ್‌ನಲ್ಲೇ ಉಳಿಯೋಣ, ಸರೋವರವನ್ನು ಹಡಗಿನಿಂದ ನೋಡೋಣ. ವಯಸ್ಸಾದವರ ಜೊತೆ ಹೋಗುವ ಎಲ್ಲರಿಗೂ ಈಗ ನಾನು ಇದನ್ನೇ ಹೇಳುತ್ತೇನೆ.

ಈ ಸರೋವರ ಒಂದೇ ಕಡೆ ಹರಡಿಕೊಂಡಿಲ್ಲ. 114 ಚದರ ಕಿಲೋಮೀಟರ್ ನೀರು ಬೆಟ್ಟಗಳ ನಡುವೆ ಕವಲು ಕವಲಾಗಿ ನುಗ್ಗಿದೆ. ದಡದಲ್ಲಿ ನಿಂತರೆ ಕಾಣುವುದು ಒಂದು ತುಂಡು ಅಷ್ಟೇ. ಹಡಗು ಒಂದು ಮೂಲೆ ತಿರುಗಿದಾಗಲೆಲ್ಲ ಹೊಸ ಬೆಟ್ಟ ಎದುರಿಗೆ ಬರುತ್ತದೆ, ಹಿಂದಿನದು ಮರೆಯಾಗುತ್ತದೆ. ಅದನ್ನು ನೋಡಲು ನಡೆಯಬೇಕಾಗಿಲ್ಲ, ಹತ್ತಬೇಕಾಗಿಲ್ಲ, ಸುಮ್ನೆ ಕೂತರೆ ಸಾಕು.

ನಾವು ಸ್ವಿಸ್ ಟ್ರಾವೆಲ್ ಪಾಸ್ ತೆಗೆದುಕೊಂಡಿದ್ದೆವು. ಟ್ರೈನು, ಊರಿನ ಬಸ್ಸು, ಸರೋವರದ ಹಡಗು, ರಿಗಿ ಬೆಟ್ಟದ ರೈಲು, ಎಲ್ಲ ಅದರಲ್ಲೇ ಬರುತ್ತದೆ. ಪಿಲಾಟುಸ್ ಬೆಟ್ಟಕ್ಕೆ ಅರ್ಧ ಟಿಕೆಟ್. ಬೆಲೆ ಮೊದಲು ನೋಡಿದಾಗ ಎದೆ ಧಸಕ್ಕೆನ್ನುತ್ತದೆ, ನಿಜ. ಆದರೆ ಪಾಸ್ ಇದ್ದರೆ ಇಷ್ಟವಾದ ಊರಲ್ಲಿ ಇಳಿದು, ಕಾಫಿ ಕುಡಿದು, ಮುಂದಿನ ಹಡಗು ಹಿಡಿಯಬಹುದು. ಪ್ರತಿ ಸಲ ಟಿಕೆಟ್ ಲೆಕ್ಕ ಹಾಕುತ್ತಾ ಕೂತರೆ ಇಳಿಯುವ ಮನಸ್ಸೇ ಬರುವುದಿಲ್ಲ, ಅಲ್ವಾ? ಹಡಗುಕಟ್ಟೆಯೂ ಲುಸರ್ನ್ ಸ್ಟೇಷನ್ನಿನ ಎದುರಿಗೇ ಇದೆ, ಅಮ್ಮನ ಮಂಡಿನೋವಿಗೆ ಅದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ.

ಹತ್ತುವ ಮೊದಲು ವೇಳಾಪಟ್ಟಿಯಲ್ಲಿ ಹಳೆಯ ಸ್ಟೀಮರ್ ಯಾವುದು ಅಂತ ನೋಡಿಕೊಳ್ಳಿ. ಪಕ್ಕದಲ್ಲಿ ಚಕ್ರ ತಿರುಗಿಸುತ್ತಾ ಹೋಗುವ ಉಗಿ ಹಡಗುಗಳು ಇಲ್ಲಿ ಇನ್ನೂ ಐದು ಓಡುತ್ತಿವೆ, ‘ಊರಿ’ ಅನ್ನುವುದು 1901ರದ್ದು. ಮೇಲಿನ ಡೆಕ್ ಫಸ್ಟ್ ಕ್ಲಾಸ್, ನಮ್ಮದು ಕೆಳಗಿನದು. ನನ್ನ ಪ್ರಕಾರ ಕೆಳಗಿನದೇ ಒಳ್ಳೆಯದು, ಯಾಕೆಂದರೆ ಹಡಗಿನ ಮಧ್ಯದಲ್ಲಿ ಎಂಜಿನ್ ತೆರೆದೇ ಇರುತ್ತದೆ. ಕಟಕಟೆ ಹಿಡಿದು ಬಗ್ಗಿದರೆ ತೊಡೆ ಗಾತ್ರದ ಉಕ್ಕಿನ ರಾಡುಗಳು ಹಿಂದೆ ಮುಂದೆ ಓಡಾಡುವುದು, ಹಿತ್ತಾಳೆಯ ಎಣ್ಣೆ ಬಟ್ಟಲುಗಳು, ಎಲ್ಲ ಕಾಣುತ್ತದೆ. ಬಿಸಿ ಎಣ್ಣೆಯ ವಾಸನೆ ಮುಖಕ್ಕೆ ಹೊಡೆಯುತ್ತದೆ. ಅಪ್ಪ ಬದುಕಿಡೀ ರೈಲ್ವೆ ವರ್ಕ್‌ಶಾಪ್‌ನಲ್ಲಿ ದುಡಿದವರು. ಅಲ್ಲಿಂದ ಕದಲಲೇ ಇಲ್ಲ. ‘ನೋಡಮ್ಮ, ನೂರು ವರ್ಷದ ಮೆಷಿನ್ನು, ಎಷ್ಟು ಚೆನ್ನಾಗಿ ಇಟ್ಕೊಂಡಿದಾರೆ’ ಅಂತ ಮತ್ತೆ ಮತ್ತೆ ಹೇಳುತ್ತಿದ್ದರು. ಅವರನ್ನು ಅಷ್ಟು ಖುಷಿಯಾಗಿ ನಾನು ನೋಡಿ ತುಂಬಾ ಕಾಲವಾಗಿತ್ತು.

ಒಂದೇ ಒಂದು ದಿನ ಇದ್ದರೆ ಲುಸರ್ನ್‌ನಿಂದ ಸರೋವರದ ಇನ್ನೊಂದು ತುದಿಯ ಫ್ಲುಎಲೆನ್‌ವರೆಗೆ ಪೂರ್ತಿ ಹೋಗಿ. ಸುಮಾರು ಮೂರು ಗಂಟೆ. ಬ್ರುನ್ನೆನ್ ದಾಟಿದ ಮೇಲೆ ಸರೋವರ ದಕ್ಷಿಣಕ್ಕೆ ತಿರುಗುತ್ತದೆ, ಆಮೇಲೆ ನೋಟವೇ ಬೇರೆ. ಎರಡೂ ಕಡೆ ಬಂಡೆ ನೆಟ್ಟಗೆ ನೀರಿಗೆ ಇಳಿದಿದೆ, ನೀರು ಕಡು ಹಸಿರು, ಗಾಳಿ ತಣ್ಣಗೆ. ರೂಟ್ಲಿ ಹುಲ್ಲುಗಾವಲು ಇರುವುದೂ ಇಲ್ಲೇ. 1291ರಲ್ಲಿ ಮೂರು ಸೀಮೆಯವರು ಸೇರಿ ಪ್ರತಿಜ್ಞೆ ಮಾಡಿದ್ದು ಅಲ್ಲಿ, ಸ್ವಿಸ್ ದೇಶ ಹುಟ್ಟಿದ್ದು ಹಾಗೆ ಅಂತ ಅವರ ನಂಬಿಕೆ. ಫ್ಲುಎಲೆನ್‌ನಲ್ಲಿ ಹಡಗು ಇಳಿದರೆ ಪಕ್ಕದಲ್ಲೇ ಸ್ಟೇಷನ್, ವಾಪಸ್ ಬರಲು ಟ್ರೈನ್ ಸಾಕು.

ಅಪ್ಪನಿಗೆ ಇಷ್ಟವಾದ ಇನ್ನೊಂದು ಸಂಗತಿ: ಫ್ಲುಎಲೆನ್ ಹತ್ತಿರ ಸರೋವರಕ್ಕೆ ಸೇರುವ ರಾಯ್ಸ್ ನದಿಯೇ ಲುಸರ್ನ್‌ನಲ್ಲಿ ಮರದ ಸೇತುವೆಯ ಕೆಳಗೆ ಹೊರಗೆ ಹರಿಯುತ್ತದೆ. ಅಲ್ಲೇ ಸ್ವಲ್ಪ ಕೆಳಗೆ ಹಳೆಯ ಅಣೆಕಟ್ಟು ಇದೆ. ಸಾಲಾಗಿ ನಿಲ್ಲಿಸಿದ ಉದ್ದುದ್ದ ಮರದ ಹಲಗೆಗಳನ್ನು ಕೈಯಿಂದಲೇ ತೆಗೆದು, ಹಾಕಿ, ಸರೋವರದ ಮಟ್ಟ ಕಾಯುತ್ತಾರೆ. ಸೇತುವೆಯಲ್ಲಿ ಫೋಟೊ ತೆಗೆದು ತಿರುಗಿ ಹೋಗಬೇಡಿ, ಇನ್ನು ನಾಲ್ಕು ಹೆಜ್ಜೆ ನಡೆದು ಇದನ್ನೂ ನೋಡಿ.

ಬೆಟ್ಟ ಒಂದೇ ಸಾಕು ಅಂತ ರಿಗಿ ಆರಿಸಿದೆವು. ಎತ್ತರ 1,798 ಮೀಟರ್, ವಯಸ್ಸಾದವರಿಗೆ ಉಸಿರಿನ ತೊಂದರೆ ಜಾಸ್ತಿ ಆಗುವಷ್ಟು ಮೇಲಲ್ಲ. ಹಡಗಿನಲ್ಲಿ ವಿಟ್ಸ್‌ನೌ, ಅಲ್ಲಿಂದ ಹಲ್ಲಿನ ಹಳಿಯ ರೈಲು. 1871ರಲ್ಲಿ ಶುರುವಾದದ್ದು, ಯುರೋಪಿನಲ್ಲೇ ಈ ಥರದ ಮೊದಲ ಬೆಟ್ಟದ ರೈಲು. ಎರಡು ಹಳಿಗಳ ನಡುವೆ ಏಣಿ ಮಲಗಿಸಿದ ಹಾಗೆ ಇನ್ನೊಂದು ಹಳಿ, ಅದರ ಮೆಟ್ಟಿಲಿಗೆ ರೈಲಿನ ಹಲ್ಲುಚಕ್ರ ಕಚ್ಚಿಕೊಂಡು ಹತ್ತುತ್ತದೆ. ನಾವು ಹೋದ ಬೆಳಿಗ್ಗೆ ಲುಸರ್ನ್‌ನಲ್ಲಿ ಎದುರು ದಡವೂ ಕಾಣದಷ್ಟು ಮಂಜು. ಅಮ್ಮ ‘ಇವತ್ತು ಬೇಡ ಬಿಡು’ ಅಂದರು. ಫೋನಿನಲ್ಲಿ ಬೆಟ್ಟದ ತುದಿಯ ಕ್ಯಾಮೆರಾ ನೋಡಿದರೆ ಅಲ್ಲಿ ಬಿಸಿಲು! ಶರತ್ಕಾಲದಲ್ಲಿ ಇದು ಮಾಮೂಲು, ತಣ್ಣನೆ ಗಾಳಿ ಕೆಳಗೆ ಕೂತು ಮಂಜು ಕಟ್ಟುತ್ತದೆ, ಮೇಲೆ ಆಕಾಶ ತಿಳಿಯಾಗಿರುತ್ತದೆ. ಹಾಗಾಗಿ ಕಿಟಕಿ ನೋಡಿ ತೀರ್ಮಾನಿಸಬೇಡಿ, ಕ್ಯಾಮೆರಾ ನೋಡಿ. ಇಳಿಯುವಾಗ ದಾರಿ ಮಧ್ಯದ ಕಾಲ್ಟ್‌ಬಾಡ್ ನಿಲ್ದಾಣದಿಂದ ಕೇಬಲ್ ಕಾರ್‌ನಲ್ಲಿ ವೆಗ್ಗಿಸ್‌ಗೆ ಬಂದೆವು. ಅಲ್ಲಿಂದ ಹಡಗುಕಟ್ಟೆಗೆ ಸ್ವಲ್ಪ ಇಳಿಜಾರು ನಡಿಗೆ ಇದೆ, ಕೋಲು ಇದ್ದರೆ ಒಳ್ಳೆಯದು.

ಊಟಕ್ಕೆ ಅಡುಗೆಮನೆ ಇರುವ ರೂಮೇ ಹಿಡಿಯಿರಿ. ಅವಲಕ್ಕಿ, ಚಟ್ನಿಪುಡಿ, ಖಾಖ್ರಾ ಇಲ್ಲಿಂದ ಒಯ್ದೆವು, ಮೊಸರು ಅಲ್ಲಿನ ಅಂಗಡಿಯದು. ತುಪ್ಪ, ಪೇಡೆ ಒಯ್ಯಬೇಡಿ, ಭಾರತದಿಂದ ಹಾಲಿನ ಪದಾರ್ಥ ಒಳಗೆ ಬಿಡುವುದಿಲ್ಲ. ನೀರಿನ ಬಾಟಲಿ ಕೊಳ್ಳುವುದೂ ಬೇಡ, ಊರಿನ ಕಾರಂಜಿಗಳ ನೀರೇ ಕುಡಿಯಬಹುದು.

ನಾವು ಗಣಪತಿ ಕಳಿಸಿದ ಮೇಲೆ ಸೆಪ್ಟೆಂಬರ್‌ನಲ್ಲಿ ಹೋದೆವು, ಹಡಗುಗಳು ಬೇಕಾದಷ್ಟು ಇದ್ದವು. ಚಳಿಗಾಲದಲ್ಲಿ ಕಡಿಮೆಯಾಗುತ್ತವೆ. ದೀಪಾವಳಿ ರಜೆಗೆ ಹೊರಡುವವರು ಹಡಗಿನ ವೇಳಾಪಟ್ಟಿ ನೋಡಿಕೊಂಡೇ ರೂಮ್ ಬುಕ್ ಮಾಡಿ.